ವಿನಾಯಿತಿ ಪತ್ರ ಕೇಳಿ ಬಂದ ವಿದ್ಯಾರ್ಥಿನಿ

ಆಂತರಿಕ ಮೌಲ್ಯಮಾಪನದ ವೇಳಾಪಟ್ಟಿ ಸೂಚನಾ ಫಲಕಕ್ಕೆ ಬಂತೆಂದರೆ ಕಲಬುರಗಿಯ ನನ್ನ ಆಪ್ತಸಲಹಾ ಕೊಠಡಿಗೆ ಒಂದೇ ಬಗೆಯ ವಿದ್ಯಾರ್ಥಿಗಳು ಬರತೊಡಗುತ್ತಾರೆ. ಹೊಟ್ಟೆನೋವು, ತಲೆಸುತ್ತು, ಗಂಟಲು ಕಟ್ಟಿದೆ, ನಿದ್ದೆ ಹತ್ತುತ್ತಿಲ್ಲ. ಸ್ವಲ್ಪ ಮಾತಾಡಿಸಿದರೆ ಕಾರಣ ಹೊರಬೀಳುತ್ತದೆ: ಬಿ.ಕಾಂ.ನ ವ್ಯವಹಾರ ಸಂವಹನ ಪತ್ರಿಕೆ. ಅದರಲ್ಲಿ ವಾಣಿಜ್ಯ ಪತ್ರ ಬರೆಯಬೇಕು, ವರದಿ ಬರೆಯಬೇಕು, ಕೊನೆಗೆ ತರಗತಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ವಿಷಯ ಮಂಡಿಸಬೇಕು. ಮೊದಲೆರಡನ್ನು ಗೈಡ್ ನೋಡಿಯೋ ಮೊಬೈಲಿನಿಂದ ಬರೆಸಿಕೊಂಡೋ ದಾಟುತ್ತಾರೆ. ಮೂರನೆಯದರ ದಿನ ಊರಿಗೆ ಹೋಗಿಬಿಡುತ್ತಾರೆ.

ಅಂಥ ಒಬ್ಬಳ ಪ್ರಕರಣವನ್ನು ಅವಳ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ಸೇಡಂ ಕಡೆಯ, ತೆಲಂಗಾಣಕ್ಕೆ ಹತ್ತಿಕೊಂಡ ಹಳ್ಳಿಯ ಹುಡುಗಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪದವಿಗೆ ಬಂದ ಮೇಲೆ ಇಂಗ್ಲಿಷು. ಅಣ್ಣ ಇಲ್ಲಿನ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾನೆ. ಅವನೇ ಕರೆದುಕೊಂಡು ಬಂದಿದ್ದ. "ಮೇಡಂ, ಇವಳಿಗೆ ಧ್ವನಿಯೇ ಬರುವುದಿಲ್ಲ. ಗಂಟಲಿನ ಡಾಕ್ಟರಿಗೂ ತೋರಿಸಿದೆವು, ಏನೂ ಇಲ್ಲ ಎಂದರು. ನೀವೊಂದು ಪತ್ರ ಕೊಟ್ಟರೆ ನಿಂತು ಮಾತಾಡುವುದನ್ನು ಬಿಡಿಸುತ್ತಾರಂತೆ" ಎಂದ. ಅವನು ಇರುವಷ್ಟು ಹೊತ್ತು ಅವಳು ತಲೆ ಎತ್ತಲಿಲ್ಲ. ಹೊರಗೆ ಹೋದ ಮೇಲೆ ಸಣ್ಣ ದನಿಯಲ್ಲಿ, ಆದರೆ ಎಲ್ಲಿಯೂ ತಡವರಿಸದೆ ಮಾತಾಡಿದಳು. ಧ್ವನಿ ಇತ್ತು.

ಮೊದಲ ಭೇಟಿಗಳಲ್ಲಿ ನಡೆದದ್ದು ಸಾಮಾನ್ಯ ಕೆಲಸ. ಊಟ, ನಿದ್ದೆ, ಎದೆಬಡಿತ, ಸಾಯುವ ಯೋಚನೆ ಬರುತ್ತದೆಯೇ ಎಂಬ ಪ್ರಶ್ನೆ. ಇದನ್ನು ನಾನು ಎಲ್ಲರಿಗೂ ನೇರವಾಗಿಯೇ ಕೇಳುತ್ತೇನೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅವಳಿಗೆ ಅಂಥದ್ದೇನೂ ಇರಲಿಲ್ಲ. ಇದ್ದದ್ದು ಭಯ. ಅದೂ ಒಂದು ಪೀರಿಯಡ್ಡಿನ, ಒಂದು ಕೊಠಡಿಯ ಭಯ.

ನಾಲ್ಕನೆಯ ಭೇಟಿಯಲ್ಲಿ ಅವಳು ಮತ್ತೆ ಪತ್ರ ಕೇಳಿದಳು. ನಾನು ಹೇಳಿದೆ: "ಪತ್ರ ಬೇಕಾದವಳು ನೀನು, ಮೊದಲು ನೀನೇ ಬರೆ. ನಿಮ್ಮ ಪ್ರಾಧ್ಯಾಪಕರಿಗೆ ಬರೆ. ನಿನಗೆ ಏನು ಬೇಕು ಎಂದು ಬರೆ." ಹಾಳೆ, ಪೆನ್ನು ಕೊಟ್ಟೆ. ಅವಳು ಬಲಮೂಲೆಯಲ್ಲಿ ದಿನಾಂಕ ಹಾಕಿದಳು, ಇಂದ, ಇವರಿಗೆ, ಮಾನ್ಯರೇ ಎಲ್ಲ ಅಚ್ಚುಕಟ್ಟಾಗಿ ಬರೆದಳು. ಆಮೇಲೆ ಇಂಗ್ಲಿಷಿನಲ್ಲಿ ಮುಕ್ಕಾಲು ಪುಟ ತುಂಬಿಸಿದಳು. ಓದಿದೆ. ತಾನು ಬಡ ಕುಟುಂಬದವಳು, ತಾವು ದಯಾಳುಗಳು, ದೊಡ್ಡ ಮನಸ್ಸು ಮಾಡಬೇಕು, ತುಂಬಾ ಕೃತಜ್ಞಳಾಗಿರುತ್ತೇನೆ. ಒಂದು ಕಾಗುಣಿತವೂ ತಪ್ಪಿರಲಿಲ್ಲ. ಬೇಡಿಕೆ ಮಾತ್ರ ಎಲ್ಲಿಯೂ ಇರಲಿಲ್ಲ. 'ವಿಷಯ' ಎಂದು ಬರೆದು ಅದರ ಮುಂದೆ ಜಾಗ ಖಾಲಿ ಬಿಟ್ಟಿದ್ದಳು.

"ಈ ಪತ್ರ ಓದಿದ ಮೇಲೆ ಸರ್ ಏನು ಮಾಡಬೇಕು?" ಎಂದು ಕೇಳಿದೆ.

"ದಯೆ ತೋರಿಸಬೇಕು."

"ದಯೆ ತೋರಿಸಿ ಏನು ಮಾಡಬೇಕು? ನಾಳೆ ಹತ್ತು ಗಂಟೆಗೆ ಅವರು ತರಗತಿಗೆ ಬರುತ್ತಾರೆ ಎಂದುಕೋ. ಆಗ ಏನು ಬದಲಾಗಿರಬೇಕು?"

ಬಹಳ ಹೊತ್ತು ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ. ಆಮೇಲೆ ಕನ್ನಡದಲ್ಲಿ ಹೇಳಿದಳು: "ನಾನು 'ಸ್ಟಾಕ್' ಅನ್ನು 'ಇಸ್ಟಾಕ್' ಎಂದಾಗ ಹಿಂದಿನ ಬೆಂಚಿನವರು ಅದನ್ನೇ ಹೇಳಿ ನಗುತ್ತಾರೆ. ಸರ್ ಕೂಡ ನಕ್ಕು, ಇನ್ನೊಮ್ಮೆ ಸರಿಯಾಗಿ ಹೇಳು ಎನ್ನುತ್ತಾರೆ. ಅದು ನಿಲ್ಲಬೇಕು, ಮೇಡಂ. ಅಷ್ಟೇ."

ವಿನಾಯಿತಿಯ ಮಾತೇ ಅದರಲ್ಲಿ ಇರಲಿಲ್ಲ. ಅಷ್ಟು ದಿನ ಅಣ್ಣ, ಗೆಳತಿಯರು, ಡಾಕ್ಟರು, ನಾನು, ಎಲ್ಲರೂ ಅವಳ ಗಂಟಲಿನ ಬಗ್ಗೆಯೋ ಮನಸ್ಸಿನ ಬಗ್ಗೆಯೋ ಮಾತಾಡುತ್ತಿದ್ದೆವು. ವಿಷಯ ಎಂಬ ಸಾಲನ್ನು ತುಂಬಿಸಬೇಕಾಗಿ ಬಂದಾಗ ಅವಳಿಗೇ ತನ್ನ ಬೇಡಿಕೆ ಕಂಡಿತು. ಹಾಗಾಗಿಯೇ ಈ ಪತ್ರಿಕೆಯನ್ನು ನಾನು ಬರೀ ಪರೀಕ್ಷೆಯ ಗಂಡಾಂತರ ಎಂದು ಒಪ್ಪುವುದಿಲ್ಲ. ಯಾರಿಗೆ ಹೇಳುತ್ತಿದ್ದೇನೆ, ಅವರಿಂದ ಏನಾಗಬೇಕು, ಅದನ್ನು ಮೊದಲ ಎರಡು ಸಾಲಿನಲ್ಲಿ ಹೇಳಿದ್ದೇನೆಯೇ: ವ್ಯವಹಾರ ಬರವಣಿಗೆ ಕಲಿಸುವುದು ಇಷ್ಟನ್ನು. ಜೀವನಪೂರ್ತಿ ಬೇರೆಯವರ ಬಾಯಲ್ಲಿ ತನ್ನ ಬೇಡಿಕೆ ಹೇಳಿಸಿಕೊಂಡು ಬೆಳೆದ ಹೆಣ್ಣುಮಗಳಿಗೆ ಇದಕ್ಕಿಂತ ದೊಡ್ಡ ವಿದ್ಯೆ ಯಾವುದಿದೆ?

ಹೊಸ ಹಾಳೆ ತೆಗೆದುಕೊಂಡೆವು. ಮೊದಲು ಕನ್ನಡದಲ್ಲಿ ಬರೆದಳು, ನಂತರ ತಾನೇ ಇಂಗ್ಲಿಷಿಗೆ ತಂದಳು. ಮೊಬೈಲಿನಿಂದ ಬರೆಸುವುದು ಬೇಡ ಎಂದಿದ್ದೆ. ಅದು ಕೊಡುವ ಇಂಗ್ಲಿಷು ನುಣುಪಾಗಿರುತ್ತದೆ, ಆದರೆ ಮರುದಿನ ಸರ್ ಎದುರಿಗೆ ಒಂದು ಪ್ರಶ್ನೆ ಕೇಳಿದರೆ ಉತ್ತರಿಸಬೇಕಾದವಳು ಇವಳು. ವಿಷಯ: ವಿಷಯ ಮಂಡನೆಯ ಕ್ರಮದಲ್ಲಿ ಬದಲಾವಣೆ ಕೋರಿಕೆ. ಕೆಳಗೆ ಮೂರು ಬೇಡಿಕೆ. ಮೊದಲ ಮಂಡನೆಯನ್ನು ಸರ್ ಮತ್ತು ಇಬ್ಬರು ಸಹಪಾಠಿಗಳ ಮುಂದೆ ಕುಳಿತು ಮಾಡಲು ಅವಕಾಶ. ಉಚ್ಚಾರಣೆಯ ತಪ್ಪನ್ನು ನಡುವೆ ತಡೆಯದೆ, ಮುಗಿದ ಮೇಲೆ ಚೀಟಿಯಲ್ಲಿ ಬರೆದುಕೊಡುವುದು. ಯಾರ ಉಚ್ಚಾರಣೆಯನ್ನೂ ಅಣಕಿಸಬಾರದೆಂದು ತರಗತಿಗೆ ಹೇಳುವುದು. ಕೊನೆಯ ಸಾಲು ಅವಳದೇ: ಅಂಕದಲ್ಲಿ ರಿಯಾಯಿತಿ ಬೇಡ.

ನಾನು ವಿನಾಯಿತಿ ಪತ್ರ ಕೊಡಲಿಲ್ಲ. ಇದಕ್ಕೆ ಅಣ್ಣ ಬೇಸರಪಟ್ಟ, ನನ್ನ ವೃತ್ತಿಯಲ್ಲೇ ಇರುವ ಗೆಳತಿಯೊಬ್ಬರು ಕಠಿಣವಾಯಿತು ಎಂದರು. ಆದರೂ ನನ್ನ ನಿಲುವು ಅದೇ. ಭಯಪಡುವ ಸನ್ನಿವೇಶದಿಂದ ತಪ್ಪಿಸಿಕೊಂಡಾಗ ಆ ಕ್ಷಣಕ್ಕೆ ಹಾಯೆನಿಸುತ್ತದೆ. ತಪ್ಪಿಸಿಕೊಂಡದ್ದರಿಂದಲೇ ಉಳಿದೆ ಎಂದು ಮನಸ್ಸು ನಂಬುತ್ತದೆ. ಮುಂದಿನ ಬಾರಿ ಭಯ ಇನ್ನೂ ಬಲವಾಗಿ ಬರುತ್ತದೆ. ಪದವಿಯಲ್ಲಿ ವಿನಾಯಿತಿ ಪಡೆದವಳು ಬ್ಯಾಂಕಿನ ಸಂದರ್ಶನಕ್ಕೂ ಹೋಗುವುದಿಲ್ಲ. ಹಾಗೆಂದು ನೀರಿಗೆ ನೂಕಿದರೆ ಈಜು ಬರುತ್ತದೆ ಎನ್ನುವವರ ಪೈಕಿಯೂ ನಾನಲ್ಲ. ನಗುವ ತರಗತಿಯ ಮುಂದೆ ಮತ್ತೆ ಮತ್ತೆ ನಿಲ್ಲಿಸುವುದು ಚಿಕಿತ್ಸೆಯಲ್ಲ, ಹಿಂಸೆ. ಮೊದಲು ಇಬ್ಬರು, ಆಮೇಲೆ ಹತ್ತು ಜನ, ಆಮೇಲೆ ತರಗತಿ. ಪ್ರತಿ ಮೆಟ್ಟಿಲಿನಲ್ಲೂ ಭಯ ತಾನಾಗಿ ಇಳಿಯುವಷ್ಟು ಹೊತ್ತು ಅಲ್ಲೇ ಇರುವುದು. ಭಯ ಇಳಿಯುವ ಮೊದಲೇ ಎದ್ದು ಹೋದರೆ ಆ ಮೆಟ್ಟಿಲು ಹತ್ತಿದ ಲೆಕ್ಕವಲ್ಲ.

ತಯಾರಿಯಲ್ಲೂ ಒಂದು ಬದಲಾವಣೆ ಹೇಳಿದೆ. ಅವಳು ಐದು ನಿಮಿಷದ ಇಂಗ್ಲಿಷನ್ನು ಪೂರ್ತಿ ಬಾಯಿಪಾಠ ಮಾಡುತ್ತಿದ್ದಳು. ಬಾಯಿಪಾಠದಲ್ಲಿ ಒಂದು ಪದ ಮರೆತರೆ ಮುಂದಿನದೆಲ್ಲ ನಿಂತುಹೋಗುತ್ತದೆ, ಆಗ ಗಂಟಲೂ ಕಟ್ಟುತ್ತದೆ. "ನಿನ್ನ ವಿಷಯವನ್ನು ನನಗೆ ಕನ್ನಡದಲ್ಲಿ ಹೇಳು, ನನಗೆ ವ್ಯಾಪಾರ ತಿಳಿಯದು" ಎಂದೆ. ಜನವರಿಯಲ್ಲಿ ಮಾರುಕಟ್ಟೆಗೆ ಬರುವ ಹೊಸ ತೊಗರಿಯಲ್ಲಿ ತೇವಾಂಶ ಇರುತ್ತದೆ, ಗೋದಾಮಿನಲ್ಲಿ ಒಣಗಿದಂತೆ ತೂಕ ಇಳಿಯುತ್ತದೆ, ಕೊಂಡ ತೂಕಕ್ಕೂ ಬೇಳೆ ಮಾಡಲು ಹಾಕಿದ ತೂಕಕ್ಕೂ ಬರುವ ಅಂತರವನ್ನು ಲೆಕ್ಕದಲ್ಲಿ ಎಲ್ಲಿ ತೋರಿಸಬೇಕು ಎಂದು ಕೈ ಆಡಿಸುತ್ತ ವಿವರಿಸಿದಳು. ಅಣ್ಣನ ಬಾಯಲ್ಲಿ ಕೇಳಿ ಕಲಿತದ್ದಂತೆ. ಗೈಡಿನ ಯಾವ ಪುಟದಲ್ಲೂ ಇಲ್ಲದ ವಿಷಯ! ಅದನ್ನೇ ಐದು ಅಂಶಗಳಾಗಿ ಒಂದು ಚೀಟಿಯಲ್ಲಿ ಬರೆದುಕೊಂಡು, ಚೀಟಿ ನೋಡಿ ಸರಳ ಇಂಗ್ಲಿಷಿನಲ್ಲಿ ಹೇಳುವ ಅಭ್ಯಾಸ ಮಾಡಿದಳು. ಮಾತು ಆರಂಭಿಸುವ ಮೊದಲು ಉಸಿರನ್ನು ನಿಧಾನವಾಗಿ, ಒಳಗೆಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹೊರಬಿಡುವುದನ್ನು ಕಲಿಸಿದೆ. ದುಡ್ಡು ಕಟ್ಟಿ ಇಂಗ್ಲಿಷ್ ಮಾತಾಡುವ ಕೋಚಿಂಗಿಗೆ ಸೇರಿಸಲೇ ಎಂದು ಅಣ್ಣ ಕೇಳಿದಾಗ, ಸದ್ಯಕ್ಕೆ ಬೇಡ ಎಂದೆ. ಅವಳಿಗೆ ಕೊರತೆಯಾಗಿದ್ದದ್ದು ವ್ಯಾಕರಣವಲ್ಲ, ಕೇಳುವವರು.

ಪ್ರಾಧ್ಯಾಪಕರು ಪತ್ರ ಓದಿ ಮೊದಲೆರಡು ಬೇಡಿಕೆ ಒಪ್ಪಿದರು. ಅವಳು ಮೂವರ ಮುಂದೆ ಕುಳಿತು ಮಾತಾಡಿದಳು. ಮುಂದಿನ ಬಾರಿ ಅರ್ಧ ತರಗತಿಯ ಮುಂದೆ ನಿಂತಳು. ಐದು ನಿಮಿಷ ತುಂಬಲಿಲ್ಲ, ಮೂರರ ಆಸುಪಾಸಿನಲ್ಲಿ ಮುಗಿಸಿದಳು. ಕೈ ನಡುಗಿತ್ತು ಎಂದಳು. ಈಗಲೂ 'ಇಸ್ಟಾಕ್' ಎಂದೇ ಅನ್ನುತ್ತಾಳೆ. ಆ ಉಚ್ಚಾರಣೆಯನ್ನು ತಿದ್ದುವುದು ನನ್ನ ಗುರಿಯಾಗಿರಲೇ ಇಲ್ಲ. ನಮ್ಮ ಭಾಗದ ಎಷ್ಟೋ ಜನ ಇಸ್ಕೂಲಿಗೆ ಹೋಗಿಯೇ ದೊಡ್ಡವರಾಗಿದ್ದೇವೆ. ಕೇಳುವವನಿಗೆ ಅರ್ಥವಾದರೆ ವ್ಯವಹಾರ ನಡೆಯುತ್ತದೆ.

ಉಪನ್ಯಾಸಕರಿಗೆ ಒಂದು ಮಾತು. ಸಂವಿಧಾನದ ಕಲಂ 371(ಜೆ) ಕಲ್ಯಾಣ ಕರ್ನಾಟಕಕ್ಕೆ ಕೊಟ್ಟ ಮೀಸಲಾತಿ ನಮ್ಮ ಜಿಲ್ಲೆಗಳ ಮಕ್ಕಳಿಗೆ ಸೀಟು ಕೊಡುತ್ತದೆ. ಸೀಟಿನಲ್ಲಿ ಕುಳಿತವರು ಬಾಯಿ ತೆರೆಯುವಂತೆ ಮಾಡಬೇಕಾದ್ದು ನಿಮ್ಮ ತರಗತಿ. ನಿಮ್ಮ ಮುಂದೆ ಇರುವವರಲ್ಲಿ ಮನೆಯಲ್ಲಿ ಲಂಬಾಣಿ, ದಖನಿ, ತೆಲುಗು, ಮರಾಠಿ ಮಾತಾಡಿ, ಕನ್ನಡದಲ್ಲಿ ಓದಿ, ಮೂರನೆಯ ಭಾಷೆಯಲ್ಲಿ ನಿಂತು ಮಾತಾಡಬೇಕಾದವರು ಅನೇಕರಿದ್ದಾರೆ. ವಾಕ್ಯದ ನಡುವೆ ತಿದ್ದಬೇಡಿ. ನಗು ಬಂದರೆ ಅಲ್ಲಿಯೇ ತಡೆಯಿರಿ. ಅವರು ಹೇಳಿದ ವಿಷಯಕ್ಕೆ ಮೊದಲು ಪ್ರತಿಕ್ರಿಯೆ ಕೊಡಿ, ಭಾಷೆಯ ತಪ್ಪು ಆಮೇಲೆ.

ವಿದ್ಯಾರ್ಥಿಗಳಿಗೆ: ಊಟ ಬಿಟ್ಟುಹೋಗಿ, ನಿದ್ದೆ ಕೆಟ್ಟು, ಕಾಲೇಜಿಗೆ ಹೋಗುವುದೇ ನಿಂತಿದ್ದರೆ, ಬದುಕೇ ಬೇಡ ಎನಿಸಿದರೆ ಮೌಲ್ಯಮಾಪನದ ತಾರೀಕು ಕಾಯಬೇಡಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ, ಉಚಿತವಾಗಿ ಮಾತಾಡಬಹುದು. ಮಾತು ತೊದಲುವವರದು ಬೇರೆ ವಿಷಯ; ಅವರು ವಾಕ್ ಚಿಕಿತ್ಸಕರನ್ನು ಕಾಣಬೇಕು, ಅವರಿಗೆ ನಾನು ಪತ್ರವನ್ನೂ ಕೊಡುತ್ತೇನೆ.

ಮೂರನೆಯ ಬೇಡಿಕೆಗೆ ಪ್ರಾಧ್ಯಾಪಕರು ಒಪ್ಪಲಿಲ್ಲ. ತರಗತಿಗೆಲ್ಲ ಹೇಳಿದರೆ ಅವಳೇ ದೂರು ಕೊಟ್ಟಳೆಂದು ಗೊತ್ತಾಗುತ್ತದೆ ಎಂಬುದು ಅವರ ವಾದ. ಹಾಗಾಗದಿರಲು ಸೆಮಿಸ್ಟರಿನ ಮೊದಲ ದಿನವೇ, ಯಾರೂ ದೂರು ಕೊಡುವ ಮೊದಲೇ ಹೇಳಿಬಿಡಿ ಎಂದು ನಾನೂ ಒಂದು ಪತ್ರ ಬರೆದಿದ್ದೇನೆ. ಉತ್ತರ ಬಂದಿಲ್ಲ. ಮುಂದಿನ ಸೆಮಿಸ್ಟರ್ ಆರಂಭವಾಗುವ ಮೊದಲು ಇನ್ನೊಂದು ಬರೆಯುತ್ತೇನೆ.