ಆರೋಗ್ಯ ಕೇಂದ್ರಕ್ಕೆ ತಲೆ ಎಣಿಕೆಯೊಂದೇ ಅಳತೆಯೇ?

ಪ್ರಶ್ನೆ: ನಮ್ಮದು ಮಲೆನಾಡಿನ ಚದುರಿದ ಮನೆಗಳ ಊರು. ಜನಸಂಖ್ಯೆ ಸಾಲದೆಂದು ಆರೋಗ್ಯ ಉಪಕೇಂದ್ರ ದೂರದಲ್ಲೇ ಉಳಿದಿದೆ. ಯೋಜನೆ ರೂಪಿಸುವವರಿಗೆ ಬೇರೆ ಮಾನದಂಡವೇ ಇಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ಇದೆ. ಬಯಲು ಸೀಮೆಯಲ್ಲಿ 5,000 ಜನರಿಗೊಂದು ಉಪಕೇಂದ್ರ, 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ರಾಷ್ಟ್ರೀಯ ಮಾನದಂಡವಾದರೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಿಗೆ ಅದು 3,000 ಮತ್ತು 20,000ಕ್ಕೆ ಇಳಿಯುತ್ತದೆ. ಆದರೂ ಹಳ್ಳ ತುಂಬಿ ಹರಿಯುವ ಆಷಾಢದಲ್ಲಿ ತುಂಬು ಗರ್ಭಿಣಿಯೊಬ್ಬಳು ಎಷ್ಟು ಹೊತ್ತಿನಲ್ಲಿ ಕೇಂದ್ರ ತಲುಪಬಲ್ಲಳು ಎಂಬುದೇ ನಿಜವಾದ ಅಳತೆಯಾಗಬೇಕೆಂದು ನಾನು ದೃಢವಾಗಿ ನಂಬುತ್ತೇನೆ.

ಕಟ್ಟಡ ಎದ್ದರಷ್ಟೇ ಸಾಲದು. ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕಾಗಿರುವುದರಿಂದ, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ಕಡೆ ಬ್ಯಾಟರಿ ಸಹಿತ ಸೌರ ವಿದ್ಯುತ್ತನ್ನು ಮೂಲ ನಕ್ಷೆಯಲ್ಲೇ ಸೇರಿಸಬೇಕು. ಗಾಲಿಕುರ್ಚಿಯ ಇಳಿಜಾರು ದಾರಿಯೂ ಹಾಗೆಯೇ: ಒಂದು ಅಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದ ಬೇಕು, ಕಟ್ಟಡ ಮುಗಿದ ಮೇಲೆ ಅಷ್ಟು ಜಾಗ ಎಲ್ಲಿಂದ ತರುವುದು?

ಚಾಮರಾಜನಗರ ಜಿಲ್ಲೆಯ ಗುಂಬಳ್ಳಿಯ ಸರ್ಕಾರಿ ಕೇಂದ್ರದ ನಿರ್ವಹಣೆಯನ್ನು 1996ರಲ್ಲಿ ವಹಿಸಿಕೊಂಡ ಕರುಣಾ ಟ್ರಸ್ಟ್ ಎಂಬ ಸ್ವಯಂಸೇವಾ ಸಂಸ್ಥೆ, ಮೂರ್ಛೆರೋಗ ಹಾಗೂ ಮಾನಸಿಕ ಕಾಯಿಲೆಗಳ ಆರೈಕೆಯನ್ನೂ ಪ್ರಾಥಮಿಕ ಹಂತಕ್ಕೇ ತಂದಿತು. ಎಲ್ಲರನ್ನೂ ಒಳಗೊಳ್ಳುವ ಆರೋಗ್ಯ ಸೇವೆ ಎಂದರೆ ಅದು.

ನೀವು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಪ್ರತಿ ಮನೆಯಿಂದ ಉಪಕೇಂದ್ರಕ್ಕಿರುವ ನಡಿಗೆಯ ಸಮಯವನ್ನು ಬರೆಸಿ, ಗ್ರಾಮಸಭೆಯ ನಿರ್ಣಯದೊಂದಿಗೆ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಸಲ್ಲಿಸಿರಿ.