ಒಂದೇ ರೆಕಾರ್ಡಿಂಗ್‌ನಲ್ಲಿ ಒಬ್ಬರ ದನಿ ಜೋರು, ಇನ್ನೊಬ್ಬರದು ಮೆಲ್ಲಗೆ: ಸಮ ಮಾಡುವುದು ಹೇಗೆ?

ಅಜ್ಜನ ಜೊತೆಗಿನ ಮಾತುಕತೆ ರೆಕಾರ್ಡ್ ಮಾಡಿ, ಇಡೀ ಫೈಲಿನ ದನಿಯನ್ನು ಒಂದೇ ಅಳತೆಯಲ್ಲಿ ಏರಿಳಿಸುವ ‘ನಾರ್ಮಲೈಸ್’ ಹಾಕಿದರೂ ಇಬ್ಬರ ದನಿ ಸಮವಾಗಲಿಲ್ಲ ಎಂದು ಬರೆದಿದ್ದೀರಿ. ಮೂಡಿಗೆರೆಯ ತೋಟದ ಮನೆಯಲ್ಲಿ ಮೊಬೈಲ್ ನಿಮ್ಮ ಕೈಯಲ್ಲಿತ್ತು, ಅಜ್ಜ ಜಗಲಿಯ ಆ ತುದಿಯಲ್ಲಿದ್ದರು. ಹಾಗಾಗಿ ನಿಮ್ಮ ಪ್ರಶ್ನೆಗಳು ಕಿವಿಗೆ ಬಡಿಯುತ್ತವೆ, ಅವರ ಉತ್ತರ ಕೇಳಿಸುವುದಿಲ್ಲ. ನೀವು ಹಾಕಿದ ‘ನಾರ್ಮಲೈಸ್’ ಇಲ್ಲಿ ಕೆಲಸಕ್ಕೆ ಬಾರದು. ಅದು ನೋಡುವುದು ಇಡೀ ಫೈಲಿನ ಅತಿ ಎತ್ತರದ ಒಂದು ಶಿಖರವನ್ನು, ಅಂದರೆ ಅತಿ ಜೋರಾದ ಒಂದು ಸದ್ದನ್ನು ಮಾತ್ರ. ನೀವೊಮ್ಮೆ ಕೆಮ್ಮಿದ್ದರೆ ಅಲ್ಲಿಗೇ ಮುಗಿಯಿತು, ಅಜ್ಜನ ದನಿ ಇದ್ದಲ್ಲೇ ಇರುತ್ತದೆ.

ದನಿ ತಿದ್ದುವ ಉಚಿತ ತಂತ್ರಾಂಶ ಆಡಾಸಿಟಿಯಲ್ಲಿ ಮೊದಲು ಕೈಕೆಲಸ. ಅಜ್ಜನ ಮಾತಿನ ಭಾಗಗಳನ್ನಷ್ಟೇ ಆರಿಸಿ ದನಿ ಏರಿಳಿಸುವ ‘ಆಂಪ್ಲಿಫೈ’ಯಲ್ಲಿ 8–10 ಡಿಬಿ (ಡೆಸಿಬಲ್, ಸದ್ದಿನ ಅಳತೆ) ಏರಿಸಿ. ‘ಓಕೆ’ ಒತ್ತಲು ಬಿಡದಿದ್ದರೆ ಆ ಭಾಗದಲ್ಲೊಂದು ಕೆಮ್ಮೋ ಲೋಟದ ಸದ್ದೋ ಇದೆ. ಅದನ್ನೊಂದೇ 10 ಡಿಬಿ ಇಳಿಸಿ ಮತ್ತೆ ಪ್ರಯತ್ನಿಸಿ. ಬೇಸರದ ಕೆಲಸವೇ, ಆದರೆ ಮುಕ್ಕಾಲು ಪಾಲು ಸರಿಹೋಗುವುದು ಇಲ್ಲೇ.

ಆಮೇಲೆ ಕಂಪ್ರೆಸರ್: ಥ್ರೆಶೋಲ್ಡ್ (ತಗ್ಗಿಸಲು ಶುರುಮಾಡುವ ಮಟ್ಟ) −20 ಡಿಬಿ, ರೇಶಿಯೋ (ಎಷ್ಟು ತಗ್ಗಿಸಬೇಕೆಂಬ ಅನುಪಾತ) 3:1. ಇದು ಜೋರಾದದ್ದನ್ನು ತಗ್ಗಿಸುತ್ತದೆ. ರೇಶಿಯೋ 6 ದಾಟಿಸಬೇಡಿ, ಮಾತು ಉಸಿರುಗಟ್ಟಿದಂತೆ ಕೇಳುತ್ತದೆ. ನಂತರ ‘ಲೌಡ್‌ನೆಸ್ ನಾರ್ಮಲೈಸೇಶನ್’: ಒಂದೇ ಚಾನೆಲ್‌ನ ಮೋನೋಗೆ −19 ಲಫ್ಸ್ (ಕಿವಿಗೆ ಕೇಳುವ ಒಟ್ಟಾರೆ ಜೋರಿನ ಅಳತೆ), ಎರಡು ಚಾನೆಲ್‌ನ ಸ್ಟೀರಿಯೋಗೆ −16. ಕೊನೆಗೆ, ಸದ್ದು ಒಂದು ಮಿತಿ ದಾಟದಂತೆ ತಡೆಯುವ ಲಿಮಿಟರ್ −1 ಡಿಬಿ.

ದನಿ ಏರಿಸಿದಷ್ಟೂ ಹಿನ್ನೆಲೆಯ ಸದ್ದೂ ಏರುತ್ತದೆ. ಫ್ಯಾನಿನ ಗುಂಯ್‌ಗುಟ್ಟುವಿಕೆಯಾದರೆ ಎಲ್ಲಕ್ಕೂ ಮೊದಲೇ, ಹಿನ್ನೆಲೆ ಸದ್ದು ತಗ್ಗಿಸುವ ‘ನಾಯ್ಸ್ ರಿಡಕ್ಷನ್’ ಹಾಕಿ. ತಗಡಿನ ಮೇಲೆ ಬೀಳುವ ಮಳೆಗೆ ಅದು ಹೆಚ್ಚು ಉಪಯೋಗವಿಲ್ಲ. ತಲೆ ಕತ್ತರಿಸಿದಂತೆ ಚಪ್ಪಟೆಯಾದ ಅಲೆಗಳು ಕಂಡರೆ ಅದು ಕ್ಲಿಪ್ಪಿಂಗ್, ಅಂದರೆ ರೆಕಾರ್ಡ್ ಆಗುವಾಗಲೇ ದನಿ ಮಿತಿ ಮೀರಿ ತುಂಡಾದದ್ದು; ದನಿ ತಗ್ಗಿಸಿದರೂ ಒಡಕು ಹಾಗೇ ಉಳಿಯುತ್ತದೆ.