ಕೆಂಪು ನೀರಿನ ಭಯ, ತಿಳಿನೀರಿನ ಸಲುಗೆ

ಶಿವಮೊಗ್ಗದ ಕುಂಸಿ ಕಡೆಯ ನಿವೃತ್ತ ಶಿಕ್ಷಕರೊಬ್ಬರು ಬರೆದ ಪತ್ರದ ಸಾರ: ‘ನಮ್ಮ ಅಡಿಕೆ ತೋಟದ ಮೇಲಿನ ಗುಡ್ಡದಲ್ಲಿ ಹಿಂದೆ ಮ್ಯಾಂಗನೀಸ್ ತೆಗೆದ ಗುಂಡಿಗಳಿವೆ. ಮಳೆಗಾಲದಲ್ಲಿ ಹಳ್ಳ ಕೆಂಪಾಗಿ ಹರಿಯುತ್ತದೆ. ಮಳೆ ಬಿಟ್ಟ ಮೇಲೂ ಬಸಿಗಾಲುವೆಯ ನೀರಿನ ಮೇಲೆ ಎಣ್ಣೆಯಂಥ ಪೊರೆ, ತಳದಲ್ಲಿ ತುಕ್ಕು ಬಣ್ಣದ ಕೆಸರು. ನಾವು ಹುಡುಗರಾಗಿದ್ದಾಗ ಹಿಡಿಯುತ್ತಿದ್ದ ಏಡಿ, ಮೀನು ಈಗ ಕಾಣುವುದಿಲ್ಲ. ತಲೆಮಾರುಗಳಿಂದ ಕಾಲಕಾಲಕ್ಕೆ ಔಷಧಿ ಹೊಡೆಸಿ ತೋಟವನ್ನು ಮಕ್ಕಳಂತೆ ನೋಡಿಕೊಂಡು ಬಂದವರು ನಾವು. ಗಣಿಯ ಲೋಹ ನಮ್ಮ ಹಳ್ಳವನ್ನು ಕೊಂದಿತು. ಕುದುರೆಮುಖದ ಬಗ್ಗೆ ಪುಟಗಟ್ಟಲೆ ಬರೆದ ನೀವು ಇದಕ್ಕೆ ಯಾಕೆ ಸುಮ್ಮನಿದ್ದೀರಿ?’

ಸಂಪಾದಕರ ಉತ್ತರ:

ಮೇಷ್ಟ್ರೇ, ಈ ಸಂಚಿಕೆಗೆ ಬೇರೆ ಪತ್ರ ಆರಿಸಿ ಇಟ್ಟಾಗಿತ್ತು. ನಿಮ್ಮ ಕಾಗದ ಓದಿದ ಮೇಲೆ ಅದನ್ನು ಬದಿಗೆ ಸರಿಸಿದೆ. ಅಕ್ಷರ ದುಂಡಗಿದೆ, ಸಿಟ್ಟು ನ್ಯಾಯವಾದದ್ದು, ಭಾಷೆ ಹದವಾಗಿದೆ. ಬೆರಳು ತೋರಿಸಿದ ದಿಕ್ಕು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಮೊದಲು ಆ ಪೊರೆಯ ವಿಚಾರ ಮುಗಿಸೋಣ. ನಾಳೆ ಬೆಳಗ್ಗೆ ಬಸಿಗಾಲುವೆಗೆ ಹೋಗಿ ಒಂದು ಕಡ್ಡಿಯಿಂದ ಅದನ್ನು ಕೆದಕಿ. ಪೊರೆ ಚೂರು ಚೂರಾಗಿ ಒಡೆದು, ಒಂದೊಂದು ಚೂರೂ ಬೇರೆಯಾಗಿ ನಿಂತರೆ ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾಗಳ ಕೆಲಸ. ಎಣ್ಣೆಯಾಗಿದ್ದರೆ ಕಡ್ಡಿ ತೆಗೆದ ಕೂಡಲೇ ಸುತ್ತಿಕೊಂಡು ಬಂದು ಮತ್ತೆ ಕೂಡಿಕೊಳ್ಳುತ್ತದೆ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಕಬ್ಬಿಣ ಧಾರಾಳ. ನೀರು ನಿಂತು ಗಾಳಿಯಾಡದ ಜಾಗದಲ್ಲಿ ಅದು ಕರಗುತ್ತದೆ, ಬಸಿದು ಹೊರಗೆ ಬಂದು ಗಾಳಿ ಸೋಕಿದ ತಕ್ಷಣ ತುಕ್ಕಾಗಿ ಕೂರುತ್ತದೆ. ಗಣಿ ಎಂಬ ಮಾತು ಈ ಗುಡ್ಡಗಳಿಗೆ ಬರುವ ಎಷ್ಟೋ ಕಾಲ ಮೊದಲೂ ಹಾಗೇ ಕೂರುತ್ತಿತ್ತು. ಮಳೆಗಾಲದ ಕೆಂಪೂ ಬಹುಪಾಲು ಅದೇ ಮಣ್ಣು. ಗುಡ್ಡದ ಮೇಲೆ ಮರ ಕಡಿದವರು, ಜೆಸಿಬಿ ಹತ್ತಿಸಿ ರಸ್ತೆ ಮಾಡಿದವರು ಅದನ್ನು ಹೆಚ್ಚಿಸಿರಬಹುದು.

ಹಳೆಯ ಗುಂಡಿಗಳಿಗೆ ಕ್ಲೀನ್ ಚಿಟ್ ಕೊಡುತ್ತಿದ್ದೇನೆ ಎಂದುಕೊಳ್ಳಬೇಡಿ. ಕುಡಿಯುವ ನೀರಿನಲ್ಲಿ ಮ್ಯಾಂಗನೀಸ್ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು ಎಂದು ನಮ್ಮ ದೇಶದ ಮಾನದಂಡವೇ ಹೇಳುತ್ತದೆ. ಬೇರೆ ನೀರು ಇಲ್ಲದ ಕಡೆ 0.3ರ ತನಕ ಸಹಿಸಬಹುದಂತೆ. ಬಾವಿಯ ನೀರಿನಲ್ಲಿ ಒಗೆದ ಬಿಳಿ ಪಂಚೆ ಕಪ್ಪಿಟ್ಟರೆ ಮೊದಲು ಅನುಮಾನಿಸಬೇಕಾದದ್ದು ಅದನ್ನೇ. ಚಿಕ್ಕ ಮಕ್ಕಳಿರುವ ಮನೆಯಾದರೆ ಪರೀಕ್ಷೆ ಮಾಡಿಸಿಯೇ ಬಿಡಿ. ಇಷ್ಟು ನಿಮ್ಮ ಪಕ್ಷಕ್ಕೆ. ಗಣಿಯಿಂದ ಆಮ್ಲದಂಥ ನೀರು ಇಳಿದು ಹೊಳೆ ಸಾಯುವುದು ಸಾಮಾನ್ಯವಾಗಿ ಗಂಧಕ ಬೆರೆತ ಅದಿರು ಇರುವ ಕಡೆ. ಚಿತ್ರದುರ್ಗದ ಪಕ್ಕದ ಇಂಗಳದಾಳಿನ ತಾಮ್ರದ ಅದಿರು ಆ ಜಾತಿಯದು. ಕುಂಸಿಯ ಮ್ಯಾಂಗನೀಸು, ಕೆಮ್ಮಣ್ಣುಗುಂಡಿಯ ಕಬ್ಬಿಣ ಹಾಗಲ್ಲ, ಅವು ಆಗಲೇ ತುಕ್ಕು ಹಿಡಿದು ಕೂತ ಅದಿರುಗಳು. ಮೈಸೂರು ಸರ್ಕಾರ 1918ರಲ್ಲಿ ಶುರು ಮಾಡಿಸಿದ ಭದ್ರಾವತಿಯ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯಿಂದ ರೋಪ್‌ವೇಯಲ್ಲಿ ಅದಿರು ಇಳಿಯುತ್ತಿದ್ದ ಕಾಲದಿಂದ ನಮ್ಮವರಿಗೆ ಲೋಹ ಎಂದರೆ ಗಣಿ, ಚಿಮಣಿ, ಕೆಂಪು ದೂಳು. ಕಣ್ಣಿಗೆ ಕಂಡರೆ ಮಾತ್ರ ಅಪಾಯ.

ಕುದುರೆಮುಖವನ್ನೇ ನೋಡಿ. 1976ರಲ್ಲಿ ಹುಟ್ಟಿದ ಕಬ್ಬಿಣದ ಗಣಿ ಕಂಪನಿ, ಇರಾನಿನ ದುಡ್ಡು ನಂಬಿ ಹೊರಟಿದ್ದು. ಅಲ್ಲಿ ಕ್ರಾಂತಿಯಾಗಿ ಗಿರಾಕಿಯೇ ಕೈಬಿಟ್ಟ. ಆದರೂ ಗುಡ್ಡ ಅಗೆದು, ಅದಿರನ್ನು ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಮಂಗಳೂರಿನ ಬಂದರು ಪಣಂಬೂರಿಗೆ ಹರಿಸಿದರು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ಇಂದಿಗೂ ಕೂತಿದೆ. ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟು, 2005ರ ಕೊನೆಗೆ ಗಣಿ ನಿಂತಿತು. ಆ ಹೋರಾಟ ದೊಡ್ಡದು, ಅದರ ಪರವಾಗಿ ಈ ಪತ್ರಿಕೆ ಬರೆದದ್ದಕ್ಕೆ ಹೆಮ್ಮೆಯಿದೆ. ಆದರೆ ಒಂದು ಮಾತು ಹೇಳಿಬಿಡುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬೇಡಿ. ಭದ್ರೆ ಕೆಂಪಾಗಿ ಹರಿದಿದ್ದಕ್ಕೇ ಆ ಹೋರಾಟಕ್ಕೆ ಅಷ್ಟು ಜನ ಸಿಕ್ಕಿದ್ದು. ಹೂಳು ಹೊಳೆಗೆ ಕೇಡು, ಮೀನಿನ ಮೊಟ್ಟೆಯನ್ನು ಮುಚ್ಚುತ್ತದೆ, ಕಿವಿರು ಕಟ್ಟಿಸುತ್ತದೆ, ಎಲ್ಲ ಸರಿ. ಅದೇ ಗಣಿ ಬಣ್ಣವಿಲ್ಲದ ವಿಷವನ್ನು ಬಿಟ್ಟಿದ್ದರೆ? ಜಪಾನಿನ ಮಿನಮಾಟದಲ್ಲಿ ಸಮುದ್ರದ ನೀರು ನೋಡಲು ಚೆನ್ನಾಗಿಯೇ ಇತ್ತು. ಮೀನು ತಿಂದ ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. 1956ರಲ್ಲಿ ಕಾಯಿಲೆ ಅಧಿಕೃತವಾಗಿ ದಾಖಲಾಯಿತು. ಕಾರಣ ಕಾರ್ಖಾನೆಯ ಪಾದರಸ ಎಂದು ಅಲ್ಲಿನ ಸರ್ಕಾರ ಒಪ್ಪಿದ್ದು 1968ರಲ್ಲಿ.

ಈಗ ನಿಮ್ಮ ಪತ್ರದ ಇನ್ನೊಂದು ವಾಕ್ಯಕ್ಕೆ ಬರುತ್ತೇನೆ. ‘ಕಾಲಕಾಲಕ್ಕೆ ಔಷಧಿ ಹೊಡೆಸಿ’ ಎಂದಿದ್ದೀರಲ್ಲ, ಆ ಔಷಧಿ ಯಾವುದು ಮೇಷ್ಟ್ರೇ?

ಮೈಲುತುತ್ತ. ತಾಮ್ರದ ಉಪ್ಪು ಅದು. ನಾನೂ ತೋಟದ ಮನೆಯಿಂದಲೇ ಬಂದವನು, ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗ ಬಂದ ವರ್ಷ ಜಗಲಿಯ ಮೇಲೆ ಯಾರೂ ಮಾತಾಡದೆ ಕೂರುವುದನ್ನು ನೋಡಿದವನು. ಉದುರಿದ ಕಾಯಿಯ ರಾಶಿ ಹೆಕ್ಕಿದವರಿಗೇ ಗೊತ್ತು. ಹಿಂದೆ ಪ್ರತಿ ಗೊನೆಗೂ ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಿದ್ದರು, ಅದೆಂಥ ಕೆಲಸ! ಆ ಕಷ್ಟದ ಕಾಲದಲ್ಲಿ ಕೆನಡಾದಿಂದ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್ಮನ್ ನಮ್ಮ ಕೊಳೆರೋಗದ ಶಿಲೀಂಧ್ರವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು, ಮೈಲುತುತ್ತಕ್ಕೆ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಅಡಿಕೆ ಮರಕ್ಕೆ ಏರಿಸಿದರು. ಅವರ ಋಣ ಮಲೆನಾಡಿನ ಮೇಲಿದೆ. ಆ ದ್ರಾವಣ ಹುಟ್ಟಿದ ಕಥೆಯೂ ಚೆಂದ. ಫ್ರಾನ್ಸಿನ ದ್ರಾಕ್ಷಿ ತೋಟದವರು ದಾರಿಹೋಕರು ಹಣ್ಣು ಕೀಳದಿರಲಿ ಎಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರಂತೆ. ಎರಚಿದ ಬಳ್ಳಿಗೆ ರೋಗವಿಲ್ಲ, ಒಳಗಿನವುಕ್ಕೆ ರೋಗ. ಬೋರ್ಡೋ ಊರಿನ ಪ್ರಾಧ್ಯಾಪಕ ಮಿಲಾರ್ಡೆ ಇದನ್ನು ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದ. ಕಳ್ಳರನ್ನು ಬೆದರಿಸಲು ಬಳಿದ ಬಣ್ಣ ನಮ್ಮ ಅಡಿಕೆಯನ್ನೂ ಕಾಪಾಡಿತು.

ಲೆಕ್ಕ ಹಾಕೋಣ, ನೀವು ಗಣಿತ ಹೇಳಿಕೊಟ್ಟವರೋ ಏನೋ. ಶೇಕಡಾ 1ರ ದ್ರಾವಣಕ್ಕೆ 200 ಲೀಟರಿನ ಡ್ರಮ್ಮಿಗೆ 2 ಕೆ.ಜಿ. ಮೈಲುತುತ್ತ. ಮೈಲುತುತ್ತದ ತೂಕದಲ್ಲಿ ಕಾಲುಭಾಗ ತಾಮ್ರ. ಅಂದರೆ ಒಂದು ಡ್ರಮ್ಮಿಗೆ ಅರ್ಧ ಕೆ.ಜಿ. ತಾಮ್ರ. ನಿಮ್ಮ ತೋಟಕ್ಕೆ ಒಂದು ಸಲಕ್ಕೆ ಎಷ್ಟು ಡ್ರಮ್ಮು, ವರ್ಷಕ್ಕೆ ಎಷ್ಟು ಸಲ, ಅಜ್ಜನ ಕಾಲದಿಂದ ಎಷ್ಟು ವರ್ಷ, ನೀವೇ ಗುಣಿಸಿ. ಅಷ್ಟು ತಾಮ್ರವನ್ನು ಹಂಡೆ ಮಾಡಿಸಿದ್ದರೆ ಅಟ್ಟದಲ್ಲಿ ಜಾಗ ಸಾಲುತ್ತಿರಲಿಲ್ಲ. ಬೇರೆ ಕೀಟನಾಶಕ ಎಷ್ಟೇ ಕೆಟ್ಟದ್ದಿರಲಿ, ಬಿಸಿಲಿಗೆ, ಮಳೆಗೆ, ಸೂಕ್ಷ್ಮಜೀವಿಗೆ ಸಿಕ್ಕಿ ಒಂದು ದಿನ ಒಡೆದು ಹೋಗುತ್ತದೆ. ತಾಮ್ರ ಮೂಲವಸ್ತು, ಒಡೆಯಲು ಅದರಲ್ಲಿ ಏನೂ ಇಲ್ಲ. ಮೇಲ್ಮಣ್ಣಿನ ಸೊಪ್ಪುಗೊಬ್ಬರಕ್ಕೆ ಅಂಟಿಕೊಂಡು ಅಲ್ಲೇ ಕೂರುತ್ತದೆ, ಎರೆಹುಳು ಬಾಳುವುದೂ ಅದೇ ಪದರದಲ್ಲಿ. ಮಣ್ಣು ಹುಳಿಯಾದಷ್ಟೂ ಸಡಿಲಾಗಿ ನೀರಿಗಿಳಿಯುತ್ತದೆ. ನಮ್ಮ ಮಣ್ಣು ಹುಳಿ ಎಂದು ಬೇರೆ ಹೇಳಬೇಕೆ? ಯುರೋಪಿನ ಹಳೆಯ ದ್ರಾಕ್ಷಿ ತೋಟಗಳ ಮಣ್ಣಿನಲ್ಲಿ ಕಿಲೋಗೆ ನೂರಾರು ಮಿಲಿಗ್ರಾಂ ತಾಮ್ರ ಸಿಕ್ಕಿದ್ದರಿಂದಲೇ ಅಲ್ಲಿ 2019ರಿಂದ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕೆ.ಜಿ. ತಾಮ್ರದ ಗಡಿ ಹಾಕಿದ್ದಾರೆ. ಇಲ್ಲಿ ಗಡಿಯ ಮಾತೆತ್ತಿದರೆ ರೈತವಿರೋಧಿ ಎಂಬ ಬಿರುದು ಸಿಗುತ್ತದೆ. ಸಿಗಲಿ.

ಏಡಿಯ ವಿಷಯ ಇನ್ನೂ ಸ್ವಾರಸ್ಯದ್ದು. ನಮ್ಮ ರಕ್ತಕ್ಕೆ ಕಬ್ಬಿಣ ಹೇಗೋ ಏಡಿಯ ರಕ್ತಕ್ಕೆ ತಾಮ್ರ ಹಾಗೆ, ಅದಿಲ್ಲದೆ ಅದು ಉಸಿರಾಡಲಾರದು. ಬೇಕಾದ ಆ ತಾಮ್ರವೇ ಸ್ವಲ್ಪ ಹೆಚ್ಚಾದರೆ ಕಿವಿರು ಕೆಲಸ ನಿಲ್ಲಿಸುತ್ತದೆ. ಗಡಸು ನೀರಿನಲ್ಲಿ ಸುಣ್ಣದಂಶ ಅಡ್ಡ ನಿಂತು ಮೀನು, ಏಡಿಗಳನ್ನು ಸ್ವಲ್ಪ ಕಾಯುತ್ತದೆ. ಬಯಲುಸೀಮೆಯ ನೆಂಟರು ಬಂದಾಗ ಸೋಪಿನ ನೊರೆ ಹೋಗುವುದೇ ಇಲ್ಲ ಎಂದು ಬಚ್ಚಲಿನಿಂದ ಕೂಗುತ್ತಾರಲ್ಲ, ಆ ಮೆದು ನೀರು ನಮ್ಮದು; ಅದರಲ್ಲಿ ಕಾವಲಿಗೆ ಸುಣ್ಣವಿಲ್ಲ. ಮನುಷ್ಯ ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ತನಕ ತಾಮ್ರ ಇರಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಮೆರಿಕದಲ್ಲಿ ಸಾಲ್ಮನ್ ಮರಿಗಳ ಮೇಲೆ ಪ್ರಯೋಗ ಮಾಡಿದವರು ಕಂಡದ್ದು, ಅದರ ಸಾವಿರದಲ್ಲೊಂದು ಪಾಲಿನಷ್ಟಕ್ಕೇ ಮರಿಯ ಮೂಗು ಮಂಕಾಗುತ್ತದೆ, ಶತ್ರು ಬಂದರೂ ವಾಸನೆ ಹತ್ತುವುದಿಲ್ಲ. ನೀರು ಕನ್ನಡಿಯಷ್ಟು ತಿಳಿ, ನೀವು ಬೊಗಸೆಯಲ್ಲಿ ಕುಡಿದರೂ ಏನೂ ಆಗದು, ಮೀನಿನ ಮರಿ ಮಾತ್ರ ಅದರಲ್ಲಿ ಬಾಳಲಾರದು.

ಕಾಲವೂ ಕೂಡಿಬಂದಿದೆ ನೋಡಿ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆಯ ಮೀನು ಹಳ್ಳ, ಗದ್ದೆ ಹತ್ತಿ ಮೊಟ್ಟೆಯಿಡುತ್ತದೆ. ಹತ್ತುಮೀನಿನ ರಾತ್ರಿಗಳನ್ನು ನೀವು ಮರೆತಿರಲಾರಿರಿ. ತೋಟಕ್ಕೆ ಮೊದಲ ಔಷಧಿ ಹೊಡೆಯುವುದು ಅದೇ ಹೊತ್ತಿಗೆ. ಎರಡನೆಯದು 40-45 ದಿನ ಬಿಟ್ಟು, ಮರಿಗಳು ಇನ್ನೂ ಬೆರಳಿನಷ್ಟಿರುವಾಗ.

ಕಳೆದ ಮಳೆಗಾಲದಲ್ಲಿ ಪರಿಚಿತರೊಬ್ಬರ ತೋಟದಲ್ಲಿ ಔಷಧಿ ಹೊಡೆಯುವುದನ್ನು ನೋಡುತ್ತ ನಿಂತಿದ್ದೆ. ನೀರು ಹೊರುವ ಕಷ್ಟ ಯಾರಿಗೆ ಬೇಕು, ಡ್ರಮ್ಮುಗಳು ಹಳ್ಳದ ಅಂಚಿನಲ್ಲೇ ನಿಂತಿದ್ದವು. ಅಲ್ಲಿನ ಒಂದು ಚಪ್ಪಟೆ ಕಲ್ಲು ಮೇಲಿಂದ ಕೆಳಗಿನವರೆಗೆ ನೀಲಿ. ಒಂದು ವರ್ಷದ ನೀಲಿಯಲ್ಲ ಅದು, ಪದರ ಪದರವಾಗಿ ಗಟ್ಟಿಯಾಗಿತ್ತು. ಸಂಜೆ ಕೊನೆಗಾರ ಮರದಿಂದಿಳಿದು ಉಳಿದ ಎರಡು ಕೊಡದಷ್ಟು ದ್ರಾವಣವನ್ನು ಅದೇ ಕಲ್ಲಿನ ಮೇಲೆ ಸುರಿದು, ಡ್ರಮ್ಮನ್ನು ಹಳ್ಳಕ್ಕೆ ಅದ್ದಿ ತೊಳೆದ. ತಿಳಿನೀಲಿ ಎಳೆಯೊಂದು ಸ್ವಲ್ಪ ದೂರ ಹರಿದು ಮಾಯವಾಯಿತು. ಯಜಮಾನರು ಅಲ್ಲೇ ನಿಂತು ನನಗೆ ಭದ್ರೆಯ ಮಾಲಿನ್ಯದ ಬಗ್ಗೆ ಹೇಳುತ್ತಿದ್ದರು.

ಕುಡುಗೋಲಿನ ಪರೀಕ್ಷೆ ಹಿಂದಿನವರಿಗೆ ಗೊತ್ತಿತ್ತು, ಈಗ ಎಷ್ಟು ಜನ ಮಾಡುತ್ತಾರೆ? ಉಜ್ಜಿ ಹೊಳಪು ಮಾಡಿದ ಕಬ್ಬಿಣವನ್ನು ದ್ರಾವಣಕ್ಕೆ ಅದ್ದಿ ತೆಗೆದಾಗ ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದು, ತಾಮ್ರ ಬಿಡಿಯಾಗಿ ನೀರಿನಲ್ಲಿದೆ ಎಂದು ಅರ್ಥ. ಆ ದ್ರಾವಣ ಅಡಿಕೆಯ ಹೂಗೊನೆಯಾದ ಸಿಂಗಾರವನ್ನೂ ಸುಡುತ್ತದೆ, ಹಳ್ಳವನ್ನೂ ಸುಡುತ್ತದೆ. ಸುಣ್ಣ ಸರಿಯಾಗಿದ್ದರೆ ತಾಮ್ರ ಬಹುಪಾಲು ಕರಗದ ರೂಪದಲ್ಲಿ ಗೊನೆಗೆ ಅಂಟಿ ಕೂರುತ್ತದೆ. ಪೇಟೆಯಿಂದ ಪೊಟ್ಟಣದಲ್ಲಿ ತಂದ ಹಳೇ ಸುಣ್ಣ ಗಾಳಿಗೆ ಸತ್ತಿರುತ್ತದೆ, ತೂಕ ಸರಿಯಿದ್ದರೂ ಕೆಲಸಕ್ಕೆ ಬಾರದು.

ತಾಮ್ರ ಒಂದೇ ಅಲ್ಲ. ಬೀಸುಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡುಗಳು ಪ್ರತಿ ವರ್ಷ ಹರಿದು ಹೊಳೆ ಸೇರುತ್ತವೆ. ಹಕ್ಕಿ ಕಾಳು ಅರೆಯಲು ಕಲ್ಲಿನ ಹರಳು ನುಂಗುವಾಗ ಅದನ್ನೂ ನುಂಗುತ್ತದೆ; ಹಂಸಗಳು ಹಾಗೆ ಸತ್ತಿದ್ದಕ್ಕೆ ಬ್ರಿಟನ್ನಿನಲ್ಲಿ ಗಾಳದ ಸೀಸವನ್ನು 1987ರಲ್ಲೇ ನಿಷೇಧಿಸಿದರು. ಬೆಳೆ ಕಾಯುವ ಹೆಸರಿನ ಕೋವಿಯ ಸೀಸದ ಛರೆ ಕಾಡುಹಂದಿಯ ಕರುಳಿನಲ್ಲಿ ಉಳಿದು ಹದ್ದಿನ ಹೊಟ್ಟೆಗೆ ಹೋಗುತ್ತದೆ. ಕ್ಯಾಲಿಫೋರ್ನಿಯಾದ ದೊಡ್ಡ ರಣಹದ್ದು ಹೀಗೆ ನಶಿಸುವ ಅಂಚಿಗೆ ಬಂದು, ಅಲ್ಲಿ 2019ರಿಂದ ಬೇಟೆಗೆ ಸೀಸದ ಗುಂಡೇ ಇಲ್ಲ. ಇಲ್ಲಿ ಕೋವಿಯ ಪೂಜೆಯ ದಿನ ಇದನ್ನು ಯಾರಾದರೂ ಎತ್ತಲಿ, ನೋಡೋಣ.

ನನ್ನ ನಿಜವಾದ ತಕರಾರು ನಿಮ್ಮ ಮೇಲಲ್ಲ. ಶಿವಮೊಗ್ಗದಲ್ಲಿ ಪರಿಸರ ಎಂದರೆ ವೇದಿಕೆ, ಬ್ಯಾನರು, ದೂರದ ಕಂಪನಿ. ಅಡಿಕೆ ತೋಟದ ಬೇಲಿ ಬಂದ ಕೂಡಲೇ ಭಾಷಣ ನಿಲ್ಲುತ್ತದೆ, ಯಾಕೆಂದರೆ ಭಾಷಣಕಾರ, ಅಧ್ಯಕ್ಷರು, ಊಟ ಹಾಕಿಸಿದವರು ಮೂವರೂ ತೋಟದವರೇ. ವರದಿಗಾರನಿಗೂ ಕೆಂಪು ನೀರಿನ ಫೋಟೋ ಸಾಕು, ತಿಳಿನೀರಿನ ಫೋಟೋ ಯಾರು ಹಾಕುತ್ತಾರೆ? ಸಾವಯವದವರಿಗೂ ಬೋರ್ಡೋ ಮಡಿಯೇ, ನಿಯಮದಲ್ಲಿ ಅದಕ್ಕೆ ಹಿಂಬಾಗಿಲು ಉಂಟು. ಸರ್ಕಾರ ಕೊಡುವ ಮಣ್ಣು ಆರೋಗ್ಯ ಕಾರ್ಡಿನಲ್ಲಿ ತಾಮ್ರಕ್ಕೊಂದು ಸಾಲಿದೆ. ನಾನು ನೋಡಿದ ಕಾರ್ಡುಗಳಲ್ಲಿ ಅಲ್ಲಿ ಬರೆದಿರುವುದು ‘ಸಾಕಷ್ಟಿದೆ’. ಕಡಿಮೆಯಾಯಿತೇ ಎಂದು ಕೇಳುವ ಕಾರ್ಡು ಅದು, ಹೆಚ್ಚಾಯಿತೇ ಎಂದು ಕೇಳುವ ಕಾಲಮ್ಮೇ ಇಲ್ಲ. ಬಯಲು, ಗದ್ದೆ, ಕೆರೆಯಂಗಳಕ್ಕೆಲ್ಲ ಅಡಿಕೆ ಹಬ್ಬುತ್ತಿರುವ ಈ ಕಾಲದಲ್ಲಿ ತಾಮ್ರವೂ ಅದರ ಬೆನ್ನಿಗೇ ಹೋಗುತ್ತಿದೆ.

ಔಷಧಿ ಬಿಡಿ ಎಂದು ನಿಮಗೆ ಹೇಳುವ ಧೈರ್ಯ ನನಗಿಲ್ಲ, ಬಿಡಲಾಗುವುದೂ ಇಲ್ಲ. ಡ್ರಮ್ಮನ್ನು ಹಳ್ಳದಿಂದ ದೂರ, ತೋಟದ ಮೇಲ್ಮಗ್ಗುಲಿಗೆ ಒಯ್ಯಿರಿ. ಹೊಸ ಸುಣ್ಣ ಸುಡಿಸಿ ತನ್ನಿ. ಕುಡುಗೋಲು ಅದ್ದಿ ನೋಡಿ. ಉಳಿದದ್ದನ್ನು ಮರುದಿನಕ್ಕೆ ಇಡಲಾಗದು ಎಂದು ಹಳ್ಳಕ್ಕೆ ಸುರಿಯುವ ಬದಲು ಅಳೆದು ಕಲಸಲು ಹೇಳಿ, ತೊಳೆದ ನೀರನ್ನು ಗುಂಡಿಯಲ್ಲಿ ನಿಲ್ಲಿಸಿ.

ಇನ್ನೊಂದು ಕೋರಿಕೆ. ಬಾವಿ ನೀರು ಪರೀಕ್ಷೆಗೆ ಕೊಡುವಾಗ ಮ್ಯಾಂಗನೀಸ್ ಎಂದು ಬೇರೆಯಾಗಿ ಬರೆಸಿ, ಬರೆಸದಿದ್ದರೆ ನೋಡದೆಯೇ ಕಳಿಸಿಬಿಡುವುದುಂಟು. ಜೊತೆಗೆ ಔಷಧಿ ಹೊಡೆದ ಮೇಲೆ ಮೊದಲ ಮಳೆ ಬಂದ ದಿನ ಹಳ್ಳದ ನೀರನ್ನು ಎರಡು ಕಡೆ ಹಿಡಿಯಿರಿ: ಗುಂಡಿಗಳ ಕೆಳಗೆ ತೋಟಕ್ಕಿಂತ ಮೇಲೆ ಒಂದು, ತೋಟ ದಾಟಿದ ಮೇಲೆ ಒಂದು. ಬಾಟಲಿಯನ್ನು ಪ್ರಯೋಗಾಲಯದವರಿಂದಲೇ ಇಸಿದುಕೊಳ್ಳಿ. ಎರಡರಲ್ಲೂ ತಾಮ್ರ, ಮ್ಯಾಂಗನೀಸ್, ಕಬ್ಬಿಣ ಮೂರನ್ನೂ ನೋಡಿಸಿ. ಖರ್ಚು ಪತ್ರಿಕೆಯದು. ಫಲಿತಾಂಶ ನಿಮ್ಮ ಪರವಾಗಿ ಬಂದರೂ ನನ್ನ ಪರವಾಗಿ ಬಂದರೂ ಇದೇ ಪುಟದಲ್ಲಿ, ನಿಮ್ಮ ಊರಿನ ಹೆಸರು ಬೇಡವೆಂದರೆ ಬಿಟ್ಟು, ಅಚ್ಚು ಹಾಕುತ್ತೇನೆ.